ಅಧ್ಯಕ್ಷರು ಇಳಿದಾಗ ಉಳಿದ ಲೆಕ್ಕ: ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಮತ್ತು ಬಳ್ಳಾರಿಯ ನೆಲ

ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಅಧ್ಯಕ್ಷ ಸ್ಥಾನವನ್ನು ಬಿ.ಪಿ. ರಾಧಾಕೃಷ್ಣ 2010ರಲ್ಲಿ ಬಿಟ್ಟುಕೊಟ್ಟಾಗ ಅವರಿಗೆ 92 ವರ್ಷ. 1992ರಿಂದ ಅವರೇ ಅಧ್ಯಕ್ಷರಾಗಿದ್ದರು. ಅದಕ್ಕೂ ಮೊದಲು, 1974ರಿಂದ, ಸೊಸೈಟಿಯ ಪತ್ರಿಕೆಗೆ ಸಂಪಾದಕರಾಗಿದ್ದರು. 1958ರಲ್ಲಿ ಈ ಸಂಸ್ಥೆಯನ್ನು ಕಟ್ಟಿದವರಲ್ಲೂ ಅವರೊಬ್ಬರು. ಹೀಗಾಗಿ ಅವರು ಕುರ್ಚಿಯಿಂದ ಇಳಿದದ್ದು ಒಂದು ಅವಧಿ ಮುಗಿದಂತಾಗಿರಲಿಲ್ಲ, ಒಂದು ಸಂಸ್ಥೆಯ ಮೊದಲ ಅಧ್ಯಾಯವೇ ಮುಗಿದಂತಾಗಿತ್ತು. ವಿಜ್ಞಾನ ಸಂಘಗಳಲ್ಲಿ ಅಧ್ಯಕ್ಷರು ಲೆಕ್ಕ ಒಪ್ಪಿಸುವ ಪದ್ಧತಿ ಹಳೆಯದು. 1660ರಲ್ಲಿ ಹುಟ್ಟಿದ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನವೆಂಬರ್ 30ರ ವಾರ್ಷಿಕ ಸಭೆಯ ಅಧ್ಯಕ್ಷ ಭಾಷಣಕ್ಕೆ ಈ ಕೆಲಸ ಮೀಸಲು. ಅಂಥ ಭಾಷಣಗಳಲ್ಲಿ ಎಷ್ಟು ಸದಸ್ಯರು ಸೇರಿದರು, ಎಷ್ಟು ಪದಕ ಕೊಟ್ಟೆವು, ಯಾವ ಕಟ್ಟಡ ಎದ್ದಿತು ಎಂಬುದೇ ಹೆಚ್ಚು. ಸಂಘ ಸಂಪಾದಿಸಿದ ತಿಳಿವು ಊರಿನ ನೆಲಕ್ಕೆ ಎಷ್ಟು ಇಳಿಯಿತು ಎಂಬ ಲೆಕ್ಕ ಅಲ್ಲಿ ಸಿಗುವುದು ಅಪರೂಪ. ಆ ಲೆಕ್ಕ ತೆಗೆಯಲು ಬಳ್ಳಾರಿಗಿಂತ ತಕ್ಕ ಜಿಲ್ಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಕಬ್ಬಿಣದ ಅದಿರು, ಮ್ಯಾಂಗನೀಸ್, ಗ್ರಾನೈಟ್ ಗುಡ್ಡ, ಎರೆಭೂಮಿ, ಬತ್ತಿದ ಬೋರು, ಶಿಲಾಯುಗದ ಬೂದಿದಿಬ್ಬ ಎಲ್ಲವೂ ಈ ಒಂದೇ ಜಿಲ್ಲೆಯಲ್ಲಿವೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾ 1851ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಸರ್ಕಾರಿ ಇಲಾಖೆ. ನಕ್ಷೆ ಬರೆಯುವುದು, ಅದಿರು ಹುಡುಕುವುದು ಅದರ ಕೆಲಸ. ಸೊಸೈಟಿ ಅದಲ್ಲ. ಇದು ಭೂವಿಜ್ಞಾನಿಗಳು ತಾವೇ ಚಂದಾ ಹಾಕಿ ಕಟ್ಟಿಕೊಂಡ ಸಂಘ. ಇದರ ಬೇರು ಮೈಸೂರು ಸಂಸ್ಥಾನದಲ್ಲಿದೆ. ಮೈಸೂರು ಸರ್ಕಾರ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಿತ್ತು, ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಆ ಇಲಾಖೆಯಲ್ಲಿ ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬೆಳೆದ ಎರಡು ಮೂರು ತಲೆಮಾರಿನ ಭೂವಿಜ್ಞಾನಿಗಳು ಮೊದಲು ಮೈಸೂರು ಜಿಯಾಲಜಿಸ್ಟ್ಸ್ ಅಸೋಸಿಯೇಷನ್ ಎಂಬ ಸಣ್ಣ ಸಂಘ ನಡೆಸುತ್ತಿದ್ದರು. 1958ರಲ್ಲಿ ದೇಶಕ್ಕೇ ಒಂದು ಸೊಸೈಟಿ ಬೇಕೆಂದು ಹೊರಟವರು ಇದೇ ಬಳಗದವರು. ಹಿಮಾಲಯದ ಭೂರಚನೆಗೆ ಹೆಸರಾದ ಡಿ.ಎನ್. ವಾಡಿಯಾ ಮೊದಲ ಅಧ್ಯಕ್ಷರಾದರು. ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಪತ್ರಿಕೆಯ ಮೊದಲ ಸಂಪಾದಕರಾದರು. ದೆಹಲಿಯನ್ನೋ ಕಲ್ಕತ್ತೆಯನ್ನೋ ಕೇಂದ್ರ ಮಾಡಿಕೊಳ್ಳದೆ ಬೆಂಗಳೂರಿನಲ್ಲೇ ಉಳಿದದ್ದು ಸೊಸೈಟಿಗೆ ಒಳ್ಳೆಯದೇ ಆಯಿತು. ಸರ್ಕಾರದ ನೆರಳಿನಿಂದ ಒಂದಿಷ್ಟು ದೂರವಿದ್ದುದರಿಂದ ಅದಕ್ಕೆ ತನ್ನದೇ ದನಿ ಬಂತು.

ರಾಧಾಕೃಷ್ಣರ ಸ್ವಂತ ಸಂಶೋಧನೆ ಆರಂಭವಾದದ್ದು ಗ್ರಾನೈಟಿನಿಂದ. ಇಂದಿನ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಉತ್ತರಕ್ಕೆ, ಪಾವಗಡದ ಸೀಮೆಯನ್ನು ಹಾದು ಹಂಪಿಯಾಚೆಗೂ ಸುಮಾರು 400 ಕಿಲೋಮೀಟರ್ ಉದ್ದಕ್ಕೆ, 20–30 ಕಿಲೋಮೀಟರ್ ಅಗಲಕ್ಕೆ ಒಂದು ಗ್ರಾನೈಟ್ ಪಟ್ಟಿ ಚಾಚಿಕೊಂಡಿದೆ. ಆ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ಅದರ ಮೇಲಿನ ರಾಧಾಕೃಷ್ಣರ ಪ್ರಬಂಧವನ್ನು ಮೈಸೂರು ಜಿಯಾಲಜಿಸ್ಟ್ಸ್ ಅಸೋಸಿಯೇಷನ್ 1956ರಲ್ಲಿ ಅಚ್ಚು ಹಾಕಿತು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ಮುಂದೆ ಐಸೊಟೋಪ್ ಅಳತೆಗಳಿಂದ ಗೊತ್ತಾಯಿತು. ಹಂಪಿಯ ಬಂಡೆಗಳು ಈ ಪಟ್ಟಿಗೇ ಸೇರಿದವು. ಬಳ್ಳಾರಿಯ ಕೋಟೆಗುಡ್ಡ, ಕುರುಗೋಡಿನ ಬೆಟ್ಟ, ತೆಕ್ಕಲಕೋಟೆಯ ಗುಡ್ಡಗಳೂ ಗ್ರಾನೈಟಿನವೇ. ಬಿಸಿಲಿಗೆ ಸಿಪ್ಪೆ ಸುಲಿದು, ಬಿರುಕಿನುದ್ದಕ್ಕೂ ಸವೆದು, ದುಂಡುಗಲ್ಲುಗಳಾಗಿ ಒಂದರ ಮೇಲೊಂದು ಕೂತಿರುವ ಈ ಬಂಡೆಗಳನ್ನು ಯಾರೋ ರಾಕ್ಷಸರು ತಂದು ಪೇರಿಸಿದರೆಂದು ಜನ ಹೇಳುವುದುಂಟು. ಭೂವಿಜ್ಞಾನಿಗಳ ಕಥೆಯಲ್ಲಿ ರಾಕ್ಷಸರಿಲ್ಲ. ಆದರೆ ನೆಲದಾಳದಲ್ಲಿ ಕಲ್ಲು ಕರಗಿ ಪಾಕವಾಗಿ ಮೇಲೆ ನುಗ್ಗಿ ಹೆಪ್ಪುಗಟ್ಟಿದ ಆ ಕಥೆ ಬೆರಗಿನಲ್ಲಿ ಅದಕ್ಕೇನೂ ಕಡಿಮೆಯಿಲ್ಲ.

1965ರಿಂದ 1974ರವರೆಗೆ ಅವರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರು. ನಿವೃತ್ತಿಯಾದ ವರ್ಷವೇ ಸಂಪಾದಕತ್ವ ಹೆಗಲಿಗೆ ಬಂತು. ಸೊಸೈಟಿಯ ಸಾಧನೆಗಳಲ್ಲಿ ಮೊದಲು ಹೇಳಬೇಕಾದದ್ದು ಈ ಪತ್ರಿಕೆಯನ್ನೇ. ಅದು 1959ರಲ್ಲಿ ವರ್ಷಕ್ಕೊಂದು ಸಂಪುಟವಾಗಿ ಹೊರಟಿತು, ಬರಬರುತ್ತ ಮಾಸಪತ್ರಿಕೆಯಾಯಿತು. ಮಾಸಪತ್ರಿಕೆ ಎಂದಾಗ ವಾರಪತ್ರಿಕೆಗಳ ಓದುಗರಿಗೆ ಅದರಲ್ಲೇನು ದೊಡ್ಡದು ಎನಿಸಬಹುದು. ಸಂಶೋಧನಾ ಪತ್ರಿಕೆಯ ಒಂದೊಂದು ಲೇಖನದ ಹಿಂದೆಯೂ ಉದ್ದದ ಕೆಲಸವಿದೆ. ಬಂದ ಹಸ್ತಪ್ರತಿಯನ್ನು ಇಬ್ಬರು ಮೂವರು ತಜ್ಞರಿಗೆ ಕಳಿಸಬೇಕು. ಅವರ ಆಕ್ಷೇಪಗಳನ್ನು ಲೇಖಕರಿಗೆ ಮುಟ್ಟಿಸಿ ತಿದ್ದಿಸಬೇಕು. ನಕ್ಷೆಗಳ ಗೆರೆ, ಕೋಷ್ಟಕಗಳ ಅಂಕಿ, ಜಾಗದ ಹೆಸರುಗಳ ಕಾಗುಣಿತ ಎಲ್ಲವನ್ನೂ ಕರಡಿನಲ್ಲಿ ಮತ್ತೆ ಮತ್ತೆ ನೋಡಬೇಕು. ಸಂಬಳದ ಸಂಪಾದಕವರ್ಗವಿಲ್ಲದ ಸಂಘವೊಂದು ಇದನ್ನು ತಿಂಗಳು ತಪ್ಪದೆ ಮಾಡುವುದು ಕಷ್ಟದ ವ್ರತ. ಕನ್ನಡದ್ದೇ ಉದಾಹರಣೆ ಬೇಕಾದರೆ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷಕ್ಕೇ ನಿಂತುಹೋಯಿತು. ಅದರ ಗುಣದಲ್ಲಿ ಕೊರತೆಯಿರಲಿಲ್ಲ. ಹೊಸ ಸಿದ್ಧಾಂತ ಹೂಡುವವರು ಹತ್ತು ಜನ ಸಿಗುತ್ತಾರೆ, ಇನ್ನೊಬ್ಬರ ಕರಡನ್ನು ದಶಕಗಳ ಕಾಲ ತಿದ್ದುವವರು ಒಬ್ಬರು ಸಿಕ್ಕರೆ ಪುಣ್ಯ. ಮುಂದೆ ಸ್ಪ್ರಿಂಗರ್ ಪ್ರಕಾಶನದ ಜೊತೆಗೂಡಿ ಈ ಪತ್ರಿಕೆ ಹೊರದೇಶಗಳ ಓದುಗರನ್ನೂ ಮುಟ್ಟಿತು.

ಎರಡನೆಯ ಸಾಧನೆ ‘ಮೆಮೊಯರ್’ ಎಂಬ ಗ್ರಂಥಮಾಲೆ. ಒಂದು ವಿಷಯ ಹಿಡಿದು, ಅದರಲ್ಲಿ ಕೆಲಸ ಮಾಡಿದ ಎಲ್ಲರಿಂದ ಬರೆಸಿ, ಒಂದೇ ಸಂಪುಟದಲ್ಲಿ ಕಟ್ಟಿಕೊಡುವ ಯೋಜನೆ ಇದು. ದಖ್ಖನ್ನಿನ ಲಾವಾ ಪದರಗಳ ಬಗ್ಗೆ 1981ರಲ್ಲಿ, ದಕ್ಷಿಣ ಭಾರತದ ಪ್ರಾಚೀನ ಶಿಲೆಗಳ ಬಗ್ಗೆ 1983ರಲ್ಲಿ, ಪರ್ಯಾಯ ದ್ವೀಪದ ಪುರಾಣ ಬೇಸಿನ್‌ಗಳ ಬಗ್ಗೆ 1987ರಲ್ಲಿ ಇಂಥ ಸಂಪುಟಗಳು ಬಂದವು. ಎಲ್ಲವೂ ಒಂದೇ ತೂಕದವೇನಲ್ಲ. 1999ರ ‘ವೈದಿಕ ಸರಸ್ವತಿ’ ಸಂಪುಟದ ಸುತ್ತ ಇತಿಹಾಸಕಾರರ ಜಗಳ ಇಂದಿಗೂ ನಿಂತಿಲ್ಲ. ಬಳ್ಳಾರಿಗೆ ಹತ್ತಿರದವು ಎರಡು, ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳು ಭೂಕಂಪಕ್ಕೆ ನೆಲಸಮವಾದವು. ತೀವ್ರತೆ 6.2ರ ಆಸುಪಾಸು, ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆಗಳೇ ಮಲಗಿದ್ದವರ ಮೇಲೆ ಬಿದ್ದವು. ದಕ್ಷಿಣದ ಗಟ್ಟಿ ನೆಲ ಅಲುಗುವುದಿಲ್ಲ ಎಂದು ನಂಬಿದ್ದವರಿಗೆ ಇದು ಆಘಾತ. ಸೊಸೈಟಿ ಮರುವರ್ಷವೇ, 1994ರಲ್ಲಿ, ಲಾತೂರು ಭೂಕಂಪದ ಮೇಲೆ ಒಂದು ಮೆಮೊಯರ್ ಹೊರತಂದಿತು. ಸಂಪಾದಕರು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ. ಕಂಪನದ ಅಳತೆ, ನೆಲದ ಬಿರುಕು, ಕಟ್ಟಡಗಳ ಗತಿ ಎಲ್ಲ ಒಂದು ವರ್ಷದೊಳಗೆ ಅಚ್ಚಾದದ್ದು ನಮ್ಮಲ್ಲಿ ವಿರಳ. ದುರಂತದ ವರದಿಗಳು ಕಪಾಟು ಸೇರಿ ಗೆದ್ದಲಿಗೆ ಆಹಾರವಾಗುವುದೇ ಇಲ್ಲಿಯ ರೂಢಿ. ಬಳ್ಳಾರಿಯವರು ಇದನ್ನು ಪರವೂರಿನ ಸುದ್ದಿ ಎಂದು ತಳ್ಳಿಹಾಕುವಂತಿಲ್ಲ. 1843ರ ಏಪ್ರಿಲ್‌ನಲ್ಲಿ ಬಳ್ಳಾರಿ ಸೀಮೆಯಲ್ಲೇ ಭೂಮಿ ನಡುಗಿದ್ದು ಹಳೆಯ ಭೂಕಂಪಗಳ ಪಟ್ಟಿಯಲ್ಲಿ ದಾಖಲಾಗಿದೆ. ಜಿಲ್ಲೆಯ ರೂಪನಗುಡಿ ಸುತ್ತಿನ ಹಳೆಯ ಮನೆಗಳೂ ಕಲ್ಲು ಮಣ್ಣಿನ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳೇ.

ಎರಡನೆಯದು 1995ರ, ಕ್ವಾಟರ್ನರಿ ಯುಗದ ಪರಿಸರ ಮತ್ತು ಭೂ-ಪುರಾತತ್ತ್ವವನ್ನು ಕುರಿತ ಸಂಪುಟ. ಅದರ ಸಂಪಾದಕರಲ್ಲಿ ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಒಬ್ಬರು. ಪುರಾತತ್ತ್ವವನ್ನು ಭೂವಿಜ್ಞಾನದ ಸಂಘವೊಂದು ತನ್ನ ಅಂಗಳಕ್ಕೆ ಕರೆತಂದದ್ದು ಬಳ್ಳಾರಿಯ ಮಟ್ಟಿಗೆ ಸಹಜವೇ, ಏಕೆಂದರೆ ಇಲ್ಲಿ ಎರಡೂ ಒಬ್ಬನ ಕೈಯಲ್ಲೇ ಬೆಳೆದವು. ಜಿಯಾಲಾಜಿಕಲ್ ಸರ್ವೆಯ ರಾಬರ್ಟ್ ಬ್ರೂಸ್ ಫೂಟ್ ಕುದುರೆ ಏರಿ, ಎತ್ತಿನ ಗಾಡಿ ಕಟ್ಟಿಕೊಂಡು ಜಿಲ್ಲೆಯನ್ನೆಲ್ಲ ಸುತ್ತಿದ. 1895ರಲ್ಲಿ ಅವನ ‘ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ’ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಬಂಡೆ ನೋಡಲು ಹೋದವನ ಕಣ್ಣಿಗೆ ಕಲ್ಗೊಡಲಿಗಳು ಬಿದ್ದವು. ಬಳ್ಳಾರಿಯ ಹೊರವಲಯದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಸಾಲು ಹಾದಿದೆ. ನವಶಿಲಾಯುಗದ ಜನ ಆ ಕರಿಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ತಿಕ್ಕಿ ನಯಗೊಳಿಸಿ ಕೊಡಲಿ ಮಾಡುತ್ತಿದ್ದರು. ಅಲ್ಲಿನ ಹಿರೇಗುಡ್ಡದಲ್ಲಿ ಇಂದಿಗೂ ಕಾಲಿಟ್ಟಲ್ಲಿ ಚಕ್ಕೆಗಳು ಸಿಗುತ್ತವೆ. ಅರ್ಧ ಕೆತ್ತಿ ಬಿಟ್ಟ ಕೊಡಲಿ, ತಿಕ್ಕಿ ತಿಕ್ಕಿ ಬಂಡೆಯ ಮೇಲೆ ಬಿದ್ದ ಉದ್ದ ಗುಳಿಗಳೂ ಕಾಣುತ್ತವೆ. ಗ್ರಾನೈಟ್ ಕೊಡಲಿಗೆ ಒಗ್ಗದು, ಅದರ ಹರಳು ದಪ್ಪ, ಏಟಿಗೆ ಪುಡಿಯಾಗುತ್ತದೆ. ಸಣ್ಣ ಹರಳಿನ ಡಾಲರೈಟ್ ಅಂಚು ಹಿಡಿಯುತ್ತದೆ. ಭೂವಿಜ್ಞಾನದ ಈ ಪಾಠ ಸಂಗನಕಲ್ಲಿನವರಿಗೆ ನಾಲ್ಕು ಸಾವಿರ ವರ್ಷದ ಹಿಂದೆಯೇ ಬಾಯಿಪಾಠವಾಗಿತ್ತು.

ಬೂದಿದಿಬ್ಬಗಳ ಕಥೆಯೂ ಹೀಗೆಯೇ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಕಪ್ಪಗಲ್ಲಿನ ದಿಬ್ಬವನ್ನು ಕ್ಯಾಪ್ಟನ್ ನ್ಯೂಬೋಲ್ಡ್ 19ನೇ ಶತಮಾನದಲ್ಲೇ ಅಗೆದು ನೋಡಿದ್ದ. ಇವು ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಸುಟ್ಟ ಬೂದಿ ಎಂಬುದನ್ನು ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ 1963ರ ತನ್ನ ಪುಸ್ತಕದಲ್ಲಿ ಗಟ್ಟಿಯಾಗಿ ಸ್ಥಾಪಿಸಿದ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ನಡೆಸಿದ ಉತ್ಖನನ ಅದೇ ಕಾಲದ ಗುಡ್ಡದ ಮೇಲಿನ ಊರನ್ನು ತೋರಿಸಿತು. ಸಂಗನಕಲ್ಲಿನಲ್ಲಿ ಮುಂದೆ ನಡೆದ ಅಗೆತದ ಮಣ್ಣನ್ನು ನೀರಿನಲ್ಲಿ ತೇಲಿಸಿ ನೋಡಿದಾಗ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕವು. ಈ ಸೀಮೆಯ ಹೊಲಗಳಲ್ಲಿ ಹುರುಳಿ, ಹೆಸರು ಇಂದಿಗೂ ಬೆಳೆಯುತ್ತವೆ. ಬಳ್ಳಾರಿ ನಗರದಲ್ಲಿ ಫೂಟನ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯ ನಿಂತಿರುವುದರ ಹಿಂದೆ ಕೋರಿಶೆಟ್ಟರ್ ಅವರ ದುಡಿಮೆಯಿದೆ. ಇಷ್ಟಾಗಿಯೂ ಸಂಗನಕಲ್ಲಿನ ಗುಡ್ಡಗಳ ಮೈಯನ್ನು ಕಲ್ಲುಗಣಿಗಳು ತಿಂದಿವೆ. ಜಲ್ಲಿ ಎಲ್ಲಿಯಾದರೂ ಸಿಗುತ್ತದೆ, ಹಿರೇಗುಡ್ಡ ಇನ್ನೊಂದು ಸಿಗುವುದಿಲ್ಲ.

ಪುಸ್ತಕಗಳ ಸಾಲಿನಲ್ಲಿ ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ ಸೇರಿ ಬರೆದ 1994ರ ‘ಕರ್ನಾಟಕದ ಭೂವಿಜ್ಞಾನ’, ರಾಧಾಕೃಷ್ಣರ 1996ರ ‘ಕರ್ನಾಟಕದ ಖನಿಜ ಸಂಪತ್ತು’ ಮುಖ್ಯವಾದವು. ಎರಡೂ ಇಂಗ್ಲಿಷಿನವು. ಎಂ. ರಾಮಕೃಷ್ಣನ್ ಮತ್ತು ವೈದ್ಯನಾಥನ್ ಅವರ ಭಾರತದ ಭೂವಿಜ್ಞಾನ ಕುರಿತ ಎರಡು ಸಂಪುಟಗಳು ರಾಧಾಕೃಷ್ಣರ ಅಧ್ಯಕ್ಷತೆಯ ಕೊನೆಯ ವರ್ಷಗಳ ಫಲ, ಕಾಲೇಜುಗಳಲ್ಲಿ ಈಗಲೂ ಓದಿಸುವ ಪುಸ್ತಕಗಳು.

ಅದಿರಿನ ವಿಷಯಕ್ಕೆ ಬಂದರೆ ಲೆಕ್ಕ ಕಹಿಯಾಗುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಸುಮಾರು 270 ಕೋಟಿ ವರ್ಷ ಹಿಂದಿನ ಶಿಲೆಗಳಿವೆ. ಆಗಿನ ಕಡಲಿನ ತಳದಲ್ಲಿ ಕಬ್ಬಿಣ, ಸಿಲಿಕಾ ಪದರ ಪದರವಾಗಿ ಕೂತವು. ಬಹಳ ಕಾಲದ ಮೇಲೆ ಮಳೆನೀರು ಸಿಲಿಕಾವನ್ನು ತೊಳೆದು ಹಾಕಿ ಕಬ್ಬಿಣವನ್ನು ಉಳಿಸಿತು. ಗುಡ್ಡದ ತಲೆಯ ಮೇಲೆ ಉತ್ಕೃಷ್ಟ ಹೆಮಟೈಟ್ ಸಿಗುವುದು ಇದರಿಂದ. ಅದಿರು ಅಪಾರವಾಗಿದೆ ಎಂದು ಫೂಟ್ 1895ರಲ್ಲೇ ಬರೆದಿದ್ದ. 20ನೇ ಶತಮಾನದ ಆರಂಭದಲ್ಲಿ ಬೆಲ್ಜಿಯಂ ಮೂಲದ ಕಂಪನಿಯೊಂದು ಮ್ಯಾಂಗನೀಸ್ ತೆಗೆಯತೊಡಗಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1970ರ ದಶಕದಲ್ಲಿ ದೋಣಿಮಲೆಯ ಸರ್ಕಾರಿ ಗಣಿ ಶುರುವಾಯಿತು. ಅಲ್ಲಿಯವರೆಗೂ ಎಲ್ಲ ಒಂದು ಹದದಲ್ಲಿ ನಡೆದಿತ್ತು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ನೆಗೆದಾಗ ಜಿಲ್ಲೆಯ ಚಿತ್ರವೇ ಬದಲಾಯಿತು. ಹೊಸಪೇಟೆ–ಬಳ್ಳಾರಿ ರಸ್ತೆಯುದ್ದಕ್ಕೂ ಟಿಪ್ಪರ್‌ಗಳ ಸಾಲು, ಜೋಳದ ಗರಿಯ ಮೇಲೆ ಕೆಂಪು ದೂಳು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿಗಳು 2008ರಲ್ಲಿ, 2011ರಲ್ಲಿ ಬಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. 2022ರಲ್ಲಿ ಆ ಮಿತಿ 3.5 ಕೋಟಿಗೆ ಏರಿತು.

ಅದಿರಿನ ಬೆಲೆ ನೆಗೆದ ಆ ದಶಕವೇ ರಾಧಾಕೃಷ್ಣರ ಅಧ್ಯಕ್ಷತೆಯ ಕೊನೆಯ ದಶಕ. ಅದಿರು ಎಲ್ಲಿದೆ, ಹೇಗೆ ಬಂತು, ಎಷ್ಟು ಉಳಿದಿದೆ ಎಂಬುದನ್ನು ಭೂವಿಜ್ಞಾನಿಗಳು ಪುಟಗಟ್ಟಲೆ ಬರೆದಿದ್ದರು. ಗಣಿಯೊಂದರ ಗಡಿಕಲ್ಲು ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸಲು ಮಾತ್ರ ನ್ಯಾಯಾಲಯವೇ ಅಳತೆಯ ತಂಡ ಕಳಿಸಬೇಕಾಯಿತು. ಸಂಘಕ್ಕೆ ಪೊಲೀಸರಿಲ್ಲ, ಅಧಿಕಾರವಿಲ್ಲ, ಹೀಗಾಗಿ ದೋಷವನ್ನೆಲ್ಲ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಅದರ ಪುಸ್ತಕಗಳು ಸಂಡೂರಿನ ಗ್ರಾಮಸಭೆಯ ಕೈಗೆ ಸಿಗುವ ಭಾಷೆಯಲ್ಲಿ ಇದ್ದಿದ್ದರೆ ತಮ್ಮ ಗುಡ್ಡದಲ್ಲಿ ಏನಿದೆ ಎಂಬುದು ಜನರಿಗೆ ಕಂಪನಿಗಳಿಗಿಂತ ಮೊದಲೇ ತಿಳಿದಿರುತ್ತಿತ್ತು. ರಾಧಾಕೃಷ್ಣ ಸ್ವತಃ ಕನ್ನಡದಲ್ಲೂ ಬರೆಯಬಲ್ಲವರಾಗಿದ್ದರು, ಬರೆದೂ ಇದ್ದಾರೆ. ಸೊಸೈಟಿಯ ಮುಖ್ಯ ಪ್ರಕಟಣೆಗಳು ಮಾತ್ರ ಇಂಗ್ಲಿಷಿನ ಅಂಗಳ ದಾಟಲಿಲ್ಲ.

ಇನ್ನೊಂದು ಟೀಕೆಯನ್ನೂ ಹೇಳಬೇಕು. ಹದಿನೆಂಟು ವರ್ಷ ಒಬ್ಬರೇ ಅಧ್ಯಕ್ಷರಾಗಿರುವುದು ಯಾವ ಸಂಘಕ್ಕೂ ಆರೋಗ್ಯಕರವಲ್ಲ. ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಅಕಾಡೆಮಿಗೆ ಸಿ.ವಿ. ರಾಮನ್ 1934ರಿಂದ 1970ರಲ್ಲಿ ಸಾಯುವವರೆಗೂ ಅಧ್ಯಕ್ಷರಾಗಿದ್ದರು. ಅವರ ನಂತರ ಅಕಾಡೆಮಿ ಮೂರು ವರ್ಷದ ಅವಧಿಗೆ ಹೊಂದಿಕೊಂಡಿತು. ರಾಧಾಕೃಷ್ಣ ಬದುಕಿರುವಾಗಲೇ ಜಾಗ ಬಿಟ್ಟರು, ಅಷ್ಟರಮಟ್ಟಿಗೆ ಅವರ ನಡೆ ಮೇಲು. ಜಾಗಕ್ಕೆ ಬಂದವರು ಲಾತೂರು ಸಂಪುಟದ ಸಂಪಾದಕ ಹರ್ಷ ಗುಪ್ತ. 1967ರ ಡಿಸೆಂಬರ್‌ನ ಕೊಯ್ನಾ ಭೂಕಂಪಕ್ಕೂ ಅಲ್ಲಿನ ಜಲಾಶಯಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿ ಹೆಸರು ಗಳಿಸಿದವರು, 1983–84ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದ ಭಾರತದ ಮೂರನೇ ತಂಡದ ನಾಯಕರು. ಕಲ್ಲಿನ ವಿದ್ವಾಂಸರ ಕೈಯಿಂದ ಕಂಪನದ ವಿದ್ವಾಂಸರ ಕೈಗೆ ಸಂಘ ಹೋಯಿತು. 2012ರ ಜನವರಿ 26ರಂದು ರಾಧಾಕೃಷ್ಣ ತೀರಿಕೊಂಡರು. ಕೋಲಾರದ ಚಿನ್ನದ ಗಣಿಯ ಅದಿರಿನಲ್ಲಿ ಸಿಕ್ಕ, ಸೀಸ, ಟೆಲ್ಯೂರಿಯಂ, ಕ್ಲೋರಿನ್ ಕೂಡಿದ ಒಂದು ಹೊಸ ಖನಿಜಕ್ಕೆ 1985ರಲ್ಲೇ ‘ರಾಧಾಕೃಷ್ಣೈಟ್’ ಎಂದು ಹೆಸರಿಡಲಾಗಿತ್ತು. ಜೊತೆಗೇ ಸಿಕ್ಕ ಇನ್ನೊಂದರ ಹೆಸರು ‘ಕೋಲಾರೈಟ್’.

ಕೊನೆಯದು ನೀರಿನ ಲೆಕ್ಕ. ನಿರ್ದೇಶಕರಾಗಿದ್ದ ಕಾಲದಿಂದಲೂ ರಾಧಾಕೃಷ್ಣ ಅಂತರ್ಜಲದ ಸಮೀಕ್ಷೆಗೆ ಒತ್ತು ಕೊಟ್ಟವರು. ಸೊಸೈಟಿಯ ಪುಟಗಳಲ್ಲೂ ಆ ವಿಷಯಕ್ಕೆ ಜಾಗ ಸಿಕ್ಕಿತು. ರೂಪನಗುಡಿ ಹೋಬಳಿಯ ರೈತನಿಗೆ ಭೂವಿಜ್ಞಾನ ನಿಜವಾಗಿ ಎದುರಾಗುವುದು ಬೋರ್ ಲಾರಿ ಬಂದ ರಾತ್ರಿ. ಎರೆ ಹೊಲದಲ್ಲಿ ಮೊದಲು ಕರಿಮಣ್ಣು ಬರುತ್ತದೆ, ನಂತರ ಸುಣ್ಣದ ಹರಳು ಬೆರೆತ ಗರಸು, ಆಮೇಲೆ ಕೊಳೆತ ಕಲ್ಲು. ಅಲ್ಲಿಯವರೆಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಕೆಳಗೆ ಗಟ್ಟಿ ಬಂಡೆ, ಬಿಳಿ ಹಿಟ್ಟಿನಂಥ ದೂಳು. ನಡುವೆ ಎಲ್ಲಾದರೂ ಬಿರುಕು ಸಿಕ್ಕರೆ ಡ್ರಿಲ್ಲರ್ ‘ಗ್ಯಾಪ್ ಬಂತು’ ಎನ್ನುತ್ತಾನೆ, ದೂಳು ಕೆಸರಾಗುತ್ತದೆ. ಸಿಗದಿದ್ದರೆ ಇನ್ನೂ ನೂರಡಿ, ಇನ್ನೂ ನೂರಡಿ ಎಂದು ಸಾಲ ಬೆಳೆಯುತ್ತದೆ. ಗ್ರಾನೈಟಿಗೆ ತನ್ನ ಮೈಯಲ್ಲಿ ನೀರು ಹಿಡಿಯುವ ಗುಣವಿಲ್ಲ. ನೀರಿರುವುದು ಮೇಲಿನ ಕೊಳೆತ ಪದರದಲ್ಲಿ ಮತ್ತು ಬಿರುಕಿನಲ್ಲಿ ಮಾತ್ರ, ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಕರಿಕಲ್ಲಿನ ಸಾಲು ಅಡ್ಡ ಹಾದಿದ್ದರೆ ಅದು ನೆಲದೊಳಗಿನ ಒಡ್ಡಿನಂತೆ ನೀರನ್ನು ಒಂದು ಕಡೆಗೆ ತಡೆಯುತ್ತದೆ. ಒಂದೇ ಹೊಲದ ಎರಡು ಬೋರುಗಳಲ್ಲಿ ಒಂದು ತುಂಬಿ ಇನ್ನೊಂದು ಒಣಗುವುದಕ್ಕೆ ಇದೂ ಒಂದು ಕಾರಣ. ವರ್ಷಕ್ಕೆ 500–600 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ, ಒದ್ದೆಯಾದೊಡನೆ ಉಬ್ಬಿ ಬಾಯಿ ಮುಚ್ಚಿಕೊಳ್ಳುವ ಎರೆಮಣ್ಣಿನಡಿ, ಈ ಬಿರುಕುಗಳು ಮತ್ತೆ ತುಂಬುವುದು ನಿಧಾನ. ಮಸಾರಿ ನೆಲದಲ್ಲಿ ನೀರು ಇದಕ್ಕಿಂತ ಬೇಗ ಇಂಗುತ್ತದೆ.

ರಾಜ್ಯದ ಅಂತರ್ಜಲ ಕಾಯ್ದೆ ಬಂದದ್ದು 2011ರಲ್ಲಿ, ರಾಧಾಕೃಷ್ಣ ಕುರ್ಚಿ ಬಿಟ್ಟ ಮರುವರ್ಷ. ಬೋರ್ ಲಾರಿಗಳ ನೋಂದಣಿ, ಅನುಮತಿಯ ನಿಯಮ ಅದರಲ್ಲಿವೆ. ಆದರೆ ಬೋರು ಕೊರೆದಾಗ ಎಷ್ಟನೇ ಅಡಿಗೆ ಯಾವ ಕಲ್ಲು ಬಂತು ಎಂಬ ಮಾಹಿತಿ ಬೆಳಗಾಗುವಷ್ಟರಲ್ಲಿ ದೂಳಿನ ಗುಡ್ಡೆಯಾಗಿ ಹೊಲದಲ್ಲೇ ಕರಗಿಹೋಗುತ್ತದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೂ, ಅದರ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರಕ್ಕೂ, ಹೋಬಳಿಯ ಪ್ರೌಢಶಾಲೆಗಳಿಗೂ ಇಲ್ಲಿ ಮಾಡಬಹುದಾದ ಕೆಲಸವಿದೆ. ಹತ್ತಡಿಗೊಮ್ಮೆ ಒಂದು ಹಿಡಿ ಕಲ್ಲುಪುಡಿಯನ್ನು ಚೀಲದಲ್ಲಿ ಕಟ್ಟಿ, ಮೇಲೆ ಸರ್ವೆ ನಂಬರು, ಆಳ, ತಾರೀಖು ಬರೆದು ಪಂಚಾಯಿತಿ ಕಚೇರಿಯ ರಿಜಿಸ್ಟರಿನಲ್ಲಿ ಕನ್ನಡದಲ್ಲೇ ನಮೂದಿಸಬೇಕು. ಮುಂದಿನ ಬೇಸಿಗೆಯ ಮೊದಲ ಬೋರಿನಿಂದಲೇ ರೂಪನಗುಡಿಯವರು ಇದನ್ನು ಆರಂಭಿಸಲಿ.